ಗಾಳಿಗೆ ಬಿದ್ದ ಟೆಂಟು, ಹಾಸಿಗೆ ಒದ್ದೆ ಮಾಡುವ ಮಗ

(ಮನೆಯವರ ಒಪ್ಪಿಗೆ ಪಡೆದು, ಹೆಸರು ಮತ್ತು ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿ ಬರೆದಿದ್ದು.)

ಮಗನ ಬಗ್ಗೆ ಆಪ್ತಸಲಹೆಗೆ ನನ್ನ ಹತ್ತಿರ ಬಂದ ದಂಪತಿ. ತಾಯಿಯ ದೂರು ಚಿಕ್ಕದು. ಏಳು ವರ್ಷದ ಮಗ ಸಂಗು ರಾತ್ರಿ ಹಾಸಿಗೆಯಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಾನೆ. ಎಂದೋ ನಿಂತುಹೋಗಿದ್ದ ಅಭ್ಯಾಸ ಇದು. ಸ್ವಲ್ಪ ಗಾಳಿ ಬೀಸಿದರೂ ಕಿಟಕಿ ಮುಚ್ಚಿ ಅಂತ ಕಿರುಚುತ್ತಾನೆ. ತಂದೆಯ ದೂರು ಬೇರೆ: "ನಮ್ಮಕಿ ಅವನ್ನ ಭಾಳ ಮುದ್ದು ಮಾಡಿ ಅಂಜುಬುರುಕ ಮಾಡ್ಯಾಳ್ರಿ ಮೇಡಂ." ತಾಯಿ ಗಂಡನ ಕಡೆ ನೋಡಲೂ ಇಲ್ಲ.

ವಿಜಯಪುರದ ಕುಟುಂಬ. ಮೇ ರಜೆಯಲ್ಲಿ ಆಲಮಟ್ಟಿ ಹಿನ್ನೀರಿನ ಕಡೆ, ಪರಿಚಯದವರ ಹೊಲದಲ್ಲಿ ಒಂದು ರಾತ್ರಿ ಟೆಂಟು ಹಾಕಿದ್ದರು. ಆ ಹೊತ್ತಿಗೆ ಕೃಷ್ಣೆಯ ನೀರು ಹಿಂದೆ ಸರಿದು ದಂಡೆಯೆಲ್ಲ ಬಯಲಾಗಿರುತ್ತದೆ. ಗಾಳಿ ತಡೆಯಲು ಒಂದು ಗಿಡವೂ ಇಲ್ಲ. ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಬುತ್ತಿ ಬಿಚ್ಚಿ ಉಂಡರು, ಫೋಟೊ ತೆಗೆದರು. ಕತ್ತಲಾದ ಮೇಲೆ ಗುಡುಗು ಸಮೇತ ಅಡ್ಡಮಳೆ ಬಂತು. ಗಾಳಿಗೆ ಟೆಂಟು ಮಗುಚಿತು. ತಾಯಿ ಮೂರು ವರ್ಷದ ಮಗಳನ್ನು ಎತ್ತಿಕೊಂಡು ಕಾರಿಗೆ ಓಡಿದರು. ತಂದೆ ಸ್ಟೋವು, ಬ್ಯಾಗು ಹಿಡಿದು ಹಿಂದೆ ಓಡಿದರು. ಕಾರಿನ ಬಾಗಿಲು ಹಾಕಿಕೊಂಡ ಮೇಲೆ ಇಬ್ಬರೂ ಒಟ್ಟಿಗೆ ಕೇಳಿದ ಪ್ರಶ್ನೆ: ಸಂಗು ಎಲ್ಲಿ?

ಸಂಗು ಮಗುಚಿದ ಟೆಂಟಿನ ಒದ್ದೆ ಬಟ್ಟೆಯೊಳಗೆ ಜಿಪ್ ಹುಡುಕುತ್ತಿದ್ದ. ಕೆಲವೇ ನಿಮಿಷ. ಯಾರಿಗೂ ಗಾಯ ಆಗಲಿಲ್ಲ.

ಗಾಯ ಆಗಲಿಲ್ಲವಲ್ಲ, ಹಾಗಾಗಿ ಅದು ಮನೆಯಲ್ಲಿ ನಗೆಚಾಟಿಕೆಯ ಕಥೆಯಾಯಿತು. ಬಂದವರಿಗೆಲ್ಲ, ಹುಡುಗನ ಎದುರೇ, "ನಮ್ಮ ಸಂಗೂನ ಅಲ್ಲೇ ಬಿಟ್ಟು ಬಂದಿದ್ವಿ ನೋಡ್ರಿ" ಅಂತ ಹೇಳಿದರು. ರಾತ್ರಿ ಆದರೆ ಪಕ್ಕದ ಕೋಣೆಯಲ್ಲಿ ಅದೇ ಕಥೆ ಜಗಳವಾಗುತ್ತಿತ್ತು. ನೀನು ಕರ್ಕೊಂಡು ಬರ್ತೀ ಅಂದ್ಕೊಂಡೆ, ನೀವು ಕರ್ಕೊಂಡು ಬರ್ತೀರಿ ಅಂದ್ಕೊಂಡೆ. ಗೋಡೆಗೆ ಕಿವಿ ಇರಲಿ ಬಿಡಲಿ, ಏಳು ವರ್ಷದ ಹುಡುಗನಿಗೆ ಇದ್ದೇ ಇರುತ್ತದೆ.

ಮೊದಲು ಮಕ್ಕಳ ಡಾಕ್ಟರ ಹತ್ತಿರ ಕಳಿಸಿದೆ. ನಿಂತಿದ್ದ ಅಭ್ಯಾಸ ಮತ್ತೆ ಶುರುವಾದರೆ ಅದನ್ನು ಬರೀ ಹೆದರಿಕೆ ಅಂತ ತಳ್ಳಿಹಾಕಬಾರದು. ಮೂತ್ರದ ಸೋಂಕು, ಸಕ್ಕರೆ ಕಾಯಿಲೆ, ಮಲಬದ್ಧತೆ ಇಲ್ಲ ಅಂತ ಖಾತ್ರಿ ಆಗಬೇಕು. ಎಲ್ಲವೂ ಸರಿಯಿತ್ತು.

ಹುಡುಗನನ್ನು ನಾನು ಏನೂ ಕೆದಕಿ ಕೇಳಲಿಲ್ಲ. ಅವತ್ತು ಏನಾಯಿತು ಹೇಳು ಅಂದರೆ ಮಕ್ಕಳು ದೊಡ್ಡವರಿಗೆ ಬೇಕಾದದ್ದನ್ನೇ ಹೇಳುತ್ತಾರೆ. ಒಂದು ಕರವಸ್ತ್ರ, ನಾಲ್ಕು ಪೆನ್ಸಿಲು, ಒಂದು ಉಂಡೆ ಜೇಡಿಮಣ್ಣು ಮೇಜಿನ ಮೇಲಿಟ್ಟೆ. ಅವನು ಮಣ್ಣು ತಟ್ಟಿ, ನಾಲ್ಕೂ ಮೂಲೆಗೆ ಪೆನ್ಸಿಲು ಚುಚ್ಚಿ, ಮೇಲೆ ಕರವಸ್ತ್ರ ಹೊದಿಸಿದ. ಆಮೇಲೆ ಒಂದೇ ಒಂದು ಪೆನ್ಸಿಲು ಕಿತ್ತ. ಮತ್ತೆ ಚುಚ್ಚಿದ. ಮತ್ತೆ ಅದೇ ಮೂಲೆಯದನ್ನು ಕಿತ್ತ.

"ಇದನ್ನ ಯಾರು ಕಿತ್ತರು?" ಅಂದೆ.

"ನಾನ ಕಿತ್ತಿದ್ನಿರಿ. ಸ್ಟಂಪ್ ಮಾಡಾಕ. ಅದಕ್ಕ ಟೆಂಟ್ ಬಿತ್ತು. ಅದಕ್ಕ ನನ್ನ ಬಿಟ್ಟು ಹೋದ್ರು."

ಸಂಜೆ ಕ್ರಿಕೆಟ್ ಆಡಲು ಒಂದು ಗೂಟ ಕಿತ್ತಿದ್ದ, ವಾಪಸ್ ಹಾಕುವುದು ಮರೆತಿತ್ತು. ಈ ವಯಸ್ಸಿನ ಮಕ್ಕಳು ಕೆಟ್ಟದ್ದು ಏನೇ ನಡೆದರೂ ತಮ್ಮಿಂದಲೇ ಆಯಿತು ಅಂದುಕೊಳ್ಳುವುದು ಜಾಸ್ತಿ. ಮಳೆಗಿಂತ, ಕತ್ತಲೆಗಿಂತ ಅವನನ್ನು ತಿನ್ನುತ್ತಿದ್ದದ್ದು ಇದು. ತಪ್ಪು ಮಾಡಿದ್ದಕ್ಕೆ ಬಿಟ್ಟುಹೋದರು, ಇನ್ನೊಮ್ಮೆ ಮಾಡಿದರೆ ಇನ್ನೊಮ್ಮೆ ಬಿಡುತ್ತಾರೆ.

"ನಿಂದೇನೂ ತಪ್ಪಿಲ್ಲ" ಅಂತ ತಲೆ ಸವರಿದರೆ ಇಂಥ ಲೆಕ್ಕ ಅಳಿಸಿಹೋಗುವುದಿಲ್ಲ. ಹಾಗಾಗಿ ತಂದೆಗೆ ಒಂದು ಕೆಲಸ ಕೊಟ್ಟೆ. ಬಕೆಟ್ಟಿನಲ್ಲಿ ಎರೆಮಣ್ಣು, ಅಂದರೆ ನಮ್ಮ ಕಡೆ ಹೊಲದ ಕಪ್ಪು ಮಣ್ಣು, ತುಂಬಿ, ಅದೇ ಟೆಂಟಿನ ಗೂಟಗಳನ್ನು ಮಗನ ಕೈಯಿಂದಲೇ ಊರಿಸಿ, ಮೇಲೆ ನೀರು ಸುರಿಯಲಿ. ಒಣಗಿದ ಎರೆಭೂಮಿ ಬಿರುಕು ಬಿಟ್ಟಿರುತ್ತದೆ, ನೆನೆದರೆ ಮೆತ್ತಗಾಗುತ್ತದೆ. ಸಣ್ಣ ಗೂಟಕ್ಕೆ ಹಿಡಿತವೇ ಸಿಗುವುದಿಲ್ಲ. ಸಂಗು ಎರಡೇ ಬೆರಳಲ್ಲಿ ಒಂದೊಂದಾಗಿ ಎಲ್ಲ ಗೂಟ ಕಿತ್ತನಂತೆ. "ಪಪ್ಪಾ, ಎಲ್ಲಾನೂ ಬರ್ತಾವು!" ಅಂದನಂತೆ. ನಾನು ಹೇಳುವ ಯಾವ ಮಾತೂ ಇಷ್ಟು ಕೆಲಸ ಮಾಡುತ್ತಿರಲಿಲ್ಲ.

ಇನ್ನೊಂದು ಕೆಲಸ ಕಷ್ಟದ್ದಾಗಿತ್ತು. ಇಬ್ಬರೂ ಒಟ್ಟಿಗೆ ಕೂತು ಮಗನಿಗೆ ಹೇಳಬೇಕು: ನಿನ್ನನ್ನು ಯಾರು ಕರ್ಕೊಂಡು ಬರಬೇಕು ಅಂತ ನಾವು ಮಾತಾಡಿಕೊಂಡಿರಲಿಲ್ಲ, ಅದು ನಮ್ಮ ತಪ್ಪು, ನೀನಿಲ್ಲ ಅಂತ ಗೊತ್ತಾದ ಕೂಡಲೇ ಓಡಿ ಬಂದೆವು. "ನಿಮ್ಮಮ್ಮ" ಅಥವಾ "ನಿಮ್ಮಪ್ಪ" ಅಂತ ಶುರುವಾಗುವ ಒಂದು ವಾಕ್ಯವೂ ಬೇಡ ಅಂದೆ. ತಂದೆ ಸ್ವಲ್ಪ ಹೊತ್ತು ಸುಮ್ನೆ ಕೂತರು.

ಉಳಿದದ್ದು ಸಣ್ಣಪುಟ್ಟದ್ದು. ಹಾಸಿಗೆ ಒದ್ದೆಯಾದರೆ ಬೈಯಬೇಡಿ, ತಂಗಿಯ ಜೊತೆ ಹೋಲಿಸಬೇಡಿ, ಚಾದರ ಬದಲಿಸಿ ಮಲಗಿಸಿ. ನೀರು ಹಗಲಲ್ಲೇ ಚೆನ್ನಾಗಿ ಕುಡಿಯಲಿ. ಈಗ ನಿಮ್ಮ ಪಕ್ಕದಲ್ಲೇ ಮಲಗಲಿ, ಆಮೇಲೆ ಅದೇ ಕೋಣೆಯಲ್ಲಿ ಬೇರೆ ಗಾದಿ, ನಂತರ ಅವನ ಜಾಗ. ಆಯಿ (ಅಜ್ಜಿ) ದೃಷ್ಟಿ ತೆಗೆಯುತ್ತಿದ್ದರು. ತೆಗೆಯಲಿ, ಅಷ್ಟು ಹೊತ್ತು ಹುಡುಗ ಆಯಿಯ ಹತ್ತಿರ ಕೂತಿರುತ್ತಾನೆ. ಆದರೆ ಗಾಳಿಗೆ ಅಂಜುವ ಹುಡುಗನ ಮುಂದೆ "ಗಾಳಿ ಸೋಕೇತಿ" ಅನ್ನಬೇಡಿ ಅಂತ ಕೈಮುಗಿದು ಕೇಳಿದೆ. ನಗೆಚಾಟಿಕೆಯ ಕಥೆಯೂ ಬಂದ್.

ಟೆಂಟನ್ನು ಮಾರಿಬಿಡಬೇಕು ಅಂತ ತಾಯಿಗಿತ್ತು. ಬೇಡ ಅಂದೆ. ಮೊದಲು ಪಡಸಾಲೆಯಲ್ಲಿ ಹಾಕಿ, ಆಮೇಲೆ ಹಗಲು ಹೊತ್ತು ಮಾಳಿಗೆ ಮೇಲೆ. ಅವನು ಸಾಕು ಅಂದರೆ ಸಾಕು. ಮುಂದೆ ಯಾವತ್ತಾದರೂ ಹೊರಗೆ ಹೋದರೆ, ಯಾವ ಮಗು ಯಾರ ಜವಾಬ್ದಾರಿ ಅಂತ ಟೆಂಟು ಹಾಕುವ ಮೊದಲೇ ಮಕ್ಕಳಿಗೂ ಕೇಳುವಂತೆ ಹೇಳಿಕೊಳ್ಳಿ. ಸಿಡಿಲಿನ ಮುನ್ಸೂಚನೆಗೆ ದಾಮಿನಿ ಆ್ಯಪ್ ಇದೆ. ಗುಡುಗು ಕೇಳಿದ ಕೂಡಲೇ, ಮಳೆಗೆ ಕಾಯದೆ, ಕಾರಿಗೆ ಹೋಗಿ ಗಾಜು ಏರಿಸಿ ಕೂತುಬಿಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಇಳಿಯಬೇಡಿ. ಟೆಂಟು ಸಿಡಿಲನ್ನು ತಡೆಯುವುದಿಲ್ಲ.

ಇಂಥ ಹೆದರಿಕೆ ಬಹಳಷ್ಟು ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಒಂದು ತಿಂಗಳು ದಾಟಿದರೂ ಇಳಿಯದಿದ್ದರೆ, ಇಲ್ಲವೇ ಆಟ, ಊಟ, ಶಾಲೆ ಬಿಟ್ಟು ಕೂತರೆ ಮಕ್ಕಳ ಮನೋವೈದ್ಯರಿಗೆ ತೋರಿಸಬೇಕು. ನಮ್ಮ ಕಡೆಯವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಫೋನಿನಲ್ಲೇ ಮಾತಾಡಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಕನ್ನಡದಲ್ಲೂ ಮಾತಾಡುತ್ತಾರೆ.

ಸಂಗುವಿನ ಹಾಸಿಗೆ ಈಗ ಹೆಚ್ಚಿನ ದಿನ ಒಣಗಿಯೇ ಇರುತ್ತದೆ. ಜೋರು ಗಾಳಿ ಬಂದರೆ ಇನ್ನೂ ಎದ್ದು ಕೂರುತ್ತಾನೆ, ಕಿರುಚುವುದಿಲ್ಲ. ಗಂಡ-ಹೆಂಡತಿಯ ಜಗಳ ಟೆಂಟಿಗಿಂತ ಹಳೆಯದು ಅಂತ ಅವರಿಗೇ ಗೊತ್ತಿದೆ. ಮಕ್ಕಳನ್ನು ಆಯಿಯ ಹತ್ತಿರ ಬಿಟ್ಟು ಇಬ್ಬರೇ ಬನ್ನಿ ಅಂದಿದ್ದೇನೆ. ತಾಯಿ ಹೂಂ ಅಂದಿದ್ದಾರೆ, ತಂದೆ ಡ್ಯೂಟಿ ನೋಡಿ ಹೇಳ್ತೀನಿ ಅಂದಿದ್ದಾರೆ.