ಲೌಸಾನ್‌ನಲ್ಲಿ ಬರೆದ ಪಾಯಿಂಟು, ವಿಜಯನಗರದ ಮ್ಯಾಟಿನ ಮೇಲೆ

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ, ಎರಡು ವರ್ಷದಿಂದ ಜಿಮ್ನಾಸ್ಟಿಕ್ಸ್ ಕ್ಲಾಸಿಗೆ ಹೋಗ್ತಿದಾಳೆ. ಮೊನ್ನೆ ಅವಳ ಕೋಚು "ಕೋಡ್ ಚೇಂಜ್ ಆಗಿದೆ, ದೊಡ್ಡ ಮಕ್ಕಳ ರೊಟೀನ್ ಎಲ್ಲ ತಿದ್ದಬೇಕು" ಅಂತಿದ್ರು. ಈ ಕೋಡ್ ಬರೆಯೋರು ಯಾರು? ಇನ್ನೊಂದು, ಇವಳ ಜೊತೆಯವರು ಆಗ್ಲೇ ಏನೇನೋ ಲಾಗ ಹಾಕ್ತಿದಾರೆ, ನಾವು ಹಿಂದೆ ಬಿದ್ವಾ ಅಂತ ಭಯ. – ಒಬ್ಬ ತಾಯಿ, ವಿಜಯನಗರ

ಉತ್ತರ: ಭಯದ ವಿಷಯ ಮೊದಲು ಹೇಳಿಬಿಡ್ತೀನಿ ಅಮ್ಮಾ, ನೀವು ಎಲ್ಲೂ ಹಿಂದೆ ಬಿದ್ದಿಲ್ಲ. ಒಲಿಂಪಿಕ್ಸ್‌ಗೆ ಹೋಗೋಕೆ ಹುಡುಗೀರಿಗೆ ಆ ವರ್ಷದಲ್ಲಿ 16 ತುಂಬಬೇಕು, ಹುಡುಗರಿಗೆ 18. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಹತ್ತಕ್ಕೆ ಹತ್ತು ತಗೊಂಡ ನಾಡಿಯಾ ಕೊಮನೆಚಿಗೆ ಆಗ 14 ವರ್ಷ, ಇವತ್ತಿನ ರೂಲ್ ಇದ್ದಿದ್ರೆ ಒಳಗೇ ಬಿಡ್ತಿರಲಿಲ್ಲ. ಈ 16ರ ರೂಲ್ 1997ರಿಂದ ಇದೆ, ಸುಮ್ನೆ ಕಾಗದದ ಮೇಲಿರೋ ರೂಲ್ ಅಲ್ಲ, ಸಿಡ್ನಿಯಲ್ಲಿ ಚೀನಾ ಹುಡುಗೀರ ಟೀಮ್ ಗೆದ್ದಿದ್ದ ಕಂಚನ್ನ, ಅದರಲ್ಲಿ ಒಬ್ಬಳಿಗೆ 16 ಆಗಿರಲಿಲ್ಲ ಅಂತ ಗೊತ್ತಾಗಿ ಹತ್ತು ವರ್ಷ ಆದ್ಮೇಲೆ, 2010ರಲ್ಲಿ, ವಾಪಸ್ ತಗೊಂಡ್ರು.

ಈ ರೂಲ್ ಎಲ್ಲ ಮಾಡೋದು ಎಫ್‌ಐಜಿ, ಅಂದ್ರೆ ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟ. 1881ರಲ್ಲಿ ಬೆಲ್ಜಿಯಂ, ಫ್ರಾನ್ಸ್, ನೆದರ್ಲೆಂಡ್ಸ್ ಮೂರೇ ದೇಶ ಸೇರಿ ಶುರು ಮಾಡಿದ್ದು, ಈಗ ಆಫೀಸ್ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿದೆ, 2017ರಿಂದ ಜಪಾನಿನ ಮೊರಿನಾರಿ ವತನಬೆ ಅಧ್ಯಕ್ಷರು. ಒಂದು ದೇಶಕ್ಕೆ ಒಂದೇ ಫೆಡರೇಶನ್, ಒಂದೇ ಓಟು. ನಮ್ಮ ಕಡೆಯಿಂದ ಜಿಮ್ನಾಸ್ಟಿಕ್ಸ್ ಫೆಡರೇಶನ್ ಆಫ್ ಇಂಡಿಯಾ. ಅದರಲ್ಲಿ ಗುಂಪುಗಾರಿಕೆ ಆಗಿ ಕೇಂದ್ರ ಸರ್ಕಾರದ ಮಾನ್ಯತೆನೂ ಹೋಗಿದ್ದ ವರ್ಷಗಳಿದ್ವು, ದೊಡ್ಡೋರ ಜಗಳದಲ್ಲಿ ನಷ್ಟ ಆಗಿದ್ದು ಮಕ್ಕಳಿಗೆ.

ಈಗ ಕೋಡ್. ಕೋಡ್ ಆಫ್ ಪಾಯಿಂಟ್ಸ್ ಅಂತ ಒಂದು ಪುಸ್ತಕ, ಎಫ್‌ಐಜಿಯ ಟೆಕ್ನಿಕಲ್ ಕಮಿಟಿಗಳು ಬರೆಯೋದು, ಒಲಿಂಪಿಕ್ಸ್ ಮುಗಿದ್ಮೇಲೆ ಪ್ರತಿ ನಾಲ್ಕು ವರ್ಷಕ್ಕೆ ತಿದ್ದುತ್ತಾರೆ, 2025ರಿಂದ ಹೊಸದು ನಡೀತಿದೆ, ನಿಮ್ಮ ಕೋಚ್ ಹೇಳಿದ್ದು ಅದೇ ಇರಬೇಕು. ಹುಡುಗೀರಿಗೆ ಸುಲಭದ ಎ ದರ್ಜೆ ಅಂದ್ರೆ 0.1, ಅದಕ್ಕಿಂತ ಕಷ್ಟದ ಬಿ ಅಂದ್ರೆ 0.2, ಹೀಗೆ ಒಂದೊಂದು ತಿರುವಿಗೂ ಒಂದೊಂದು ರೇಟ್ ಹಾಕಿರ್ತಾರೆ. 2006ರಲ್ಲಿ ಹಳೇ ಹತ್ತಕ್ಕೆ ಹತ್ತು ಲೆಕ್ಕ ತೆಗೆದು, ಎಷ್ಟು ಕಷ್ಟದ್ದು ಮಾಡ್ದೆ ಅನ್ನೋದಕ್ಕೆ ಡಿ ಸ್ಕೋರ್, ಎಷ್ಟು ಚೆನ್ನಾಗಿ ಮಾಡ್ದೆ ಅನ್ನೋದಕ್ಕೆ ಹತ್ತರಿಂದ ಕಳೀತಾ ಬರೋ ಇ ಸ್ಕೋರ್, ಎರಡನ್ನೂ ಕೂಡಿಸೋ ಪದ್ಧತಿ ತಂದ್ರು. ಬಿದ್ರೆ ಪೂರ್ತಿ ಒಂದು ಪಾಯಿಂಟ್ ಹೋಗುತ್ತೆ.

ಎಫ್‌ಐಜಿಯ ನಿಜವಾದ ಅಧಿಕಾರ ಈ ರೇಟ್ ಹಾಕೋದ್ರಲ್ಲೇ ಇರೋದು ಅಂತ ನನ್ನ ಅಭಿಪ್ರಾಯ. ನಮ್ಮ ದೀಪಾ ಕರ್ಮಾಕರ್‌ನ ನೆನಪಿಸ್ಕೊಳ್ಳಿ, 2016ರ ರಿಯೋ ಒಲಿಂಪಿಕ್ಸ್‌ನಲ್ಲಿ, ಓಡಿ ಬಂದು ಮೇಜು ದಾಟಿ ಎಗರೋ ವಾಲ್ಟ್‌ನಲ್ಲಿ, ಪ್ರೊಡುನೋವಾ ಅನ್ನೋದನ್ನ ಮಾಡಿದ್ಲು, ಕೈ ಊರಿ ಎಗರಿ ಗಾಳಿಯಲ್ಲಿ ಮುಂದಕ್ಕೆ ಎರಡು ಲಾಗ, ಸ್ವಲ್ಪ ಯಾಮಾರಿದ್ರೂ ಕುತ್ತಿಗೆಗೇ ಏಟು. ಆಗ ಅದರ ರೇಟ್ 7.0. ಎರಡು ವಾಲ್ಟ್ ಸೇರಿ ಸರಾಸರಿ 15.066 ಬಂತು, ಕಂಚಿಗೆ ಬರೀ 0.15 ಕಮ್ಮಿ, ನಾಲ್ಕನೇ ಸ್ಥಾನ, ಅವತ್ತು ರಾತ್ರಿ ಟಿವಿ ಮುಂದೆ ಕೂತಿದ್ದ ನನಗೆ ಇವತ್ತಿಗೂ ಆ ಸಂಕಟ ಹೋಗಿಲ್ಲ. ಮುಂದಿನ ಕೋಡ್‌ನಲ್ಲಿ ಅದನ್ನ 6.4ಕ್ಕೆ ಇಳಿಸಿದ್ರು. ಆ ಸಲ ಬೇರೆ ವಾಲ್ಟ್‌ಗಳದ್ದೂ ಇಳೀತು, ಆದ್ರೂ ರೇಟ್ ಇಳಿದ್ರೆ ಪ್ರಾಣ ಪಣಕ್ಕಿಟ್ಟು ಅದರ ಹಿಂದೆ ಹೋಗೋರು ಕಮ್ಮಿ ಆಗ್ತಾರೆ. 2019ರಲ್ಲಿ ಅಮೆರಿಕಾದ ಸಿಮೋನ್ ಬೈಲ್ಸ್ ಬೀಮ್ ಅನ್ನೋ ಕಿರಿದಾದ ತೊಲೆಯಿಂದ ಇಳಿಯೋ ಒಂದು ಹೊಸ ಲಾಗಕ್ಕೆ ಎಫ್‌ಐಜಿಯವರು ಬೇಕಂತಲೇ ಕಮ್ಮಿ ರೇಟ್ ಕೊಟ್ಟು, ಬೇರೆಯವರು ಟ್ರೈ ಮಾಡಿ ಏಟು ಮಾಡ್ಕೋಬಾರದು ಅಂದ್ರು, ಆಕೆಗೆ ಸಿಟ್ಟು ಬಂತು, ಬರಬೇಕಾದ್ದೇ, ಅಷ್ಟು ಕಷ್ಟಪಟ್ಟವಳಿಗೆ ಅದರ ಬೆಲೆ ಸಿಗಬೇಕಲ್ವಾ. ಆದ್ರೂ ನಾನು ಎಫ್‌ಐಜಿ ಕಡೆ, ಯಾಕಂದ್ರೆ ಬೈಲ್ಸ್ ಥರ ಮಾಡೋ ತಾಕತ್ತು ಇಲ್ಲದ ಮಕ್ಕಳೂ ಅದೇ ಪುಸ್ತಕ ನೋಡ್ಕೊಂಡೇ ಕಲಿಯೋದು.

ಅಕ್ಕನ ಮೊಮ್ಮಗಳನ್ನ ಬಿಡೋಕೆ ಹೋಗಿ ಒಂದು ಕ್ಲಾಸಲ್ಲಿ ಕೂತು ನೋಡಿದೀನಿ. ನೆಲದ ಮೇಲೆ ಬಿಳಿ ಟೇಪ್ ಅಂಟಿಸಿದ್ರು, ಬೀಮ್‌ನಷ್ಟೇ ಅಗಲ, 10 ಸೆಂಟಿಮೀಟರ್, ಮಗು ಅದರ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ತಾಗಿಸಿ ನಡೀತಿತ್ತು, ಅಂಗೈ ತುಂಬ ಚಾಕ್ ಪುಡಿ, ಬಾರ್ ಹಿಡಿದು ಎದ್ದಿರೋ ಬೊಬ್ಬೆ. ಒಂದು ಗಂಟೆ ಬರೀ ನಡಿಗೆ, ಆ ಕೋಚ್ ಮೇಲೆ ನನಗೆ ತುಂಬಾ ಗೌರವ ಬಂತು. ನಿಮ್ಮ ಮಗಳಿಗೂ ಈಗ ಅದೇ ಬೇಕಾಗಿರೋದು. ಯಾರಾದ್ರೂ ನೋವಿದ್ರೂ ಮಾಡಿಸಿದ್ರೆ, ಬೈದು ಹೆದರಿಸಿದ್ರೆ, ಕ್ಲಾಸಲ್ಲಿ ಪೇರೆಂಟ್ಸ್ ಕೂರಬಾರದು ಅಂದ್ರೆ ದಯವಿಟ್ಟು ಸುಮ್ಮನಿರಬೇಡಿ. ಅಮೆರಿಕಾದಲ್ಲಿ ಟೀಮ್ ಡಾಕ್ಟರ್ ಲ್ಯಾರಿ ನಾಸರ್ ನೂರಾರು ಹುಡುಗೀರಿಗೆ ಮಾಡಿದ ಅನ್ಯಾಯ ಹೊರಗೆ ಬಂದ್ಮೇಲೆ, 2019ರಲ್ಲಿ ಜಿಮ್ನಾಸ್ಟಿಕ್ಸ್ ಎಥಿಕ್ಸ್ ಫೌಂಡೇಶನ್ ಅಂತ ದೂರು ತಗೊಳ್ಳೋಕೇ ಒಂದು ಪ್ರತ್ಯೇಕ ಸಂಸ್ಥೆ ಆಗಿದೆ.

ಪ್ರಶ್ನೆ: ಪ್ಯಾರಿಸ್‌ನಲ್ಲಿ ನಾಲ್ಕು ಸೆಕೆಂಡಿಗೆ ಮೆಡಲ್ ಹೋಯ್ತು ಅಂತಾರಲ್ಲ ಸಾರ್, ಏನದು? – ಪಿಯು ವಿದ್ಯಾರ್ಥಿ, ಯಲಹಂಕ

ಉತ್ತರ: ಜಡ್ಜ್ ಕೊಟ್ಟ ಇ ಸ್ಕೋರ್ ಪ್ರಶ್ನೆ ಮಾಡೋ ಹಾಗಿಲ್ಲಪ್ಪ, ಡಿ ಸ್ಕೋರ್ ಮಾತ್ರ ಕೇಳಬಹುದು, ಅದೂ ಕೊನೇ ಆಟಗಾರ್ತಿ ಆಗಿದ್ರೆ ಒಂದು ನಿಮಿಷದೊಳಗೆ. 2024ರ ಫ್ಲೋರ್ ಫೈನಲ್‌ನಲ್ಲಿ ಅಮೆರಿಕಾದ ಜೋರ್ಡನ್ ಚೈಲ್ಸ್‌ಗೆ ಹಾಗೆ ಕೇಳಿದ್ಮೇಲೆ 0.1 ಜಾಸ್ತಿ ಆಗಿ ಕಂಚು ಬಂತು. ಆಮೇಲೆ ರೊಮೇನಿಯಾದವರು ಕ್ರೀಡಾ ನ್ಯಾಯಮಂಡಳಿಗೆ ಹೋದ್ರು, ಅದೂ ಲೌಸಾನ್‌ನಲ್ಲೇ ಇರೋದು, ಅಲ್ಲಿ ಕೇಳಿದ್ದು ನಾಲ್ಕು ಸೆಕೆಂಡ್ ಲೇಟ್ ಅಂತ ತೀರ್ಪಾಗಿ ಕಂಚು ಅವರ ಹುಡುಗಿ ಅನಾ ಬಾರ್ಬೊಸುಗೆ ಹೋಯ್ತು, ಮುಂದೆ ಸ್ವಿಸ್ ಕೋರ್ಟಿಗೂ ಕೇಸ್ ಹೋಯ್ತು. ಇಬ್ಬರು ಹುಡುಗೀರದ್ದೂ ತಪ್ಪಿಲ್ಲ. ಟೈಮ್ ನೋಡ್ಕೊಬೇಕಾಗಿದ್ದು ಟೇಬಲ್ ಹತ್ರ ಕೂತವರು, ಕೇಳಿದ್ದು ಎಷ್ಟು ಹೊತ್ತಿಗೆ ಬಂತು ಅಂತ ಅಲ್ಲೇ ನೋಡಿ ಆಗಲ್ಲ ಅಂದಿದ್ರೆ ಯಾರ ಕೊರಳಿಂದಲೂ ಮೆಡಲ್ ತೆಗೆಸೋ ಪರಿಸ್ಥಿತಿ ಬರ್ತಿರಲಿಲ್ಲ.

ಪ್ರಶ್ನೆ: ನಮ್ಮ ಮಲ್ಲಕಂಬ ಯಾಕೆ ಇದರಲ್ಲಿ ಇಲ್ಲ? – ನಿವೃತ್ತ ಪಿಟಿ ಮೇಷ್ಟ್ರು, ಬಸವನಗುಡಿ

ಉತ್ತರ: ಮೇಷ್ಟ್ರೇ, ಒಳ್ಳೇ ಪ್ರಶ್ನೆ. ಎಫ್‌ಐಜಿ ಕೆಳಗೆ ಆರ್ಟಿಸ್ಟಿಕ್, ರಿದಮಿಕ್, ಟ್ರ್ಯಾಂಪೊಲಿನ್, ಏರೋಬಿಕ್, ಅಕ್ರೋಬ್ಯಾಟಿಕ್ ಇವೆ, 2018ರಲ್ಲಿ ಗೋಡೆ ಕಟ್ಟೆ ಎಗರೋ ಪಾರ್ಕೂರ್ ಕೂಡ ಸೇರಿಸ್ಕೊಂಡ್ರು, ಪಾರ್ಕೂರ್‌ನವರೇ ಎಷ್ಟೋ ಜನ ಬೇಡ ಅಂತ ವಿರೋಧ ಮಾಡಿದ್ರೂ ಸೇರಿಸಿದ್ರು. ಅಂದ್ರೆ ಹೊಸದಕ್ಕೆ ಬಾಗಿಲು ಮುಚ್ಚಿಲ್ಲ. ಆದ್ರೆ ಓಟು ಹಾಕೋದು ದೇಶಗಳು, ನಮ್ಮ ಒಂದು ಓಟಿಂದ ಆಗೋ ಕೆಲಸ ಅಲ್ಲ, ಬೇರೆ ದೇಶದ ಮಕ್ಕಳೂ ಆ ಕಂಬ ಹತ್ತಬೇಕು. ಖೇಲೋ ಇಂಡಿಯಾದಲ್ಲಂತೂ ಈಗ ಮಲ್ಲಕಂಬ ಇದೆ, ನಿಮ್ಮ ಹಳೇ ಶಿಷ್ಯರು ಯಾರಾದ್ರೂ ಇನ್ನೂ ಕಲಿಸ್ತಿದ್ರೆ ನನಗೊಂದು ಕಾಗದ ಹಾಕಿಸಿ, ಬಂದು ನೋಡ್ತೀನಿ.