ಪಿಸ್ತೂಲಿನ ಹಿಂದಿನ ಸೈಟ್ ಎಷ್ಟು ಹೊಡೆದರೂ ಕದಲುತ್ತಿಲ್ಲ, ಮನೆಯಲ್ಲೇ ಸರಿಸಬಹುದಾ?

ನೀವು ಬರೆದಿರುವುದು ಇಷ್ಟು: ಟೆಕ್ಸಸ್‌ನಲ್ಲಿದ್ದೀರಿ, ಸೆಕೆಂಡ್‌ಹ್ಯಾಂಡ್ ಸ್ಮಿತ್ ಅಂಡ್ ವೆಸನ್ ಶೀಲ್ಡ್ 9 ಎಂಎಂ ತಗೊಂಡಿದ್ದೀರಿ, ಬಲಗೈಯವರು. 10 ಗಜದಲ್ಲಿ ಗುಂಡುಗಳು 3 ಇಂಚು ಎಡಕ್ಕೆ ಬೀಳುತ್ತಿವೆ. ನೈಲಾನ್ ಪಂಚ್ (ಸುತ್ತಿಗೆ ಏಟನ್ನು ದಾಟಿಸುವ ಕಡ್ಡಿ) ಇಟ್ಟು ಹೊಡೆದರೆ ಹಿಂದಿನ ಸೈಟ್, ಅಂದರೆ ಗುರಿ ನೋಡುವ ಹಿಂಬದಿಯ ಕಚ್ಚು, ಕೂದಲೆಳೆಯಷ್ಟೂ ಕದಲಲಿಲ್ಲ.

ಸರಿಸಬಹುದು. ನಾನೂ ಇಲ್ಲಿ ನನ್ನ ಗರಾಜಿನಲ್ಲೇ ಮಾಡಿಕೊಳ್ಳುತ್ತೇನೆ. ಆದರೆ ಸುತ್ತಿಗೆ ಎತ್ತುವ ಮುಂಚೆ ತಪ್ಪು ಸೈಟಿನದೋ ಬೆರಳಿನದೋ ನೋಡಿಕೊಳ್ಳಿ. ಬಲಗೈಯವರು ಟ್ರಿಗರನ್ನು ಝಟ್ಟನೆ ಜಗ್ಗಿದರೆ ಗುಂಡು ಎಡಕ್ಕೆ, ಸಾಮಾನ್ಯವಾಗಿ ಎಡ-ಕೆಳಕ್ಕೆ ಹೋಗುತ್ತದೆ. ಶೀಲ್ಡ್‌ನಂಥ ಸಣ್ಣ ಪಿಸ್ತೂಲಿನಲ್ಲಿ ಇದು ಇನ್ನೂ ಜಾಸ್ತಿ. ರೇಂಜಿನಲ್ಲಿ ಮರಳುಚೀಲದ ಮೇಲೆ ಕೈ ಊರಿ ನಿಧಾನವಾಗಿ 5 ಗುಂಡು ಹಾರಿಸಿ. ಚೆನ್ನಾಗಿ ಗುರಿ ಹೊಡೆಯುವವರು ಯಾರಾದರೂ ಇದ್ದರೆ ಅವರ ಕೈಗೂ ಕೊಟ್ಟು ನೋಡಿ. ಮ್ಯಾಗಜೀನಿನಲ್ಲಿ ನಡುವೆ ಒಂದೆರಡು ಡಮ್ಮಿ ಗುಂಡು ಸೇರಿಸಿಕೊಳ್ಳಿ. ಡಮ್ಮಿ ಬಂದಾಗ ಮೂತಿ ಎಡಕ್ಕೆ ಬಗ್ಗಿತು ಅಂದರೆ ಗೊತ್ತಾಯಿತಲ್ಲ, ಸೈಟಿನ ತಂಟೆಗೆ ಹೋಗಬೇಡಿ.

ಇನ್ನೊಂದು ವಿಷಯ. ಸ್ಲೈಡನ್ನು (ಪಿಸ್ತೂಲಿನ ಮೇಲೆ ಹಿಂದೆ-ಮುಂದೆ ಸರಿಯುವ ಭಾಗ) ಮೇಲಿನಿಂದ ನೋಡಿ. ಹಿಂದಿನ ಸೈಟ್ ಈಗಾಗಲೇ ನಡುವಿನಿಂದ ಎಡಕ್ಕೆ ಇದೆಯಾ? ಇದ್ದರೆ ಹಳೆಯ ಮಾಲೀಕರು ತಮ್ಮ ಕೈಗೆ ತಕ್ಕಂತೆ ಸರಿಸಿಕೊಂಡಿರಬಹುದು. ಹಾಗಾದರೆ ನಿಮ್ಮ ಕೆಲಸ ಸುಲಭ, ಮತ್ತೆ ನಡುವಿಗೆ ತಂದರೆ ಆಯಿತು.

ತಪ್ಪು ಸೈಟಿನದೇ ಅಂತ ಖಾತ್ರಿಯಾದರೆ ಎಷ್ಟು ಸರಿಸಬೇಕು ಅಂತ ಮೊದಲು ಲೆಕ್ಕ ಹಾಕಿ. ಎರಡೂ ಸೈಟುಗಳ ನಡುವಿನ ಅಂತರವನ್ನು ಗುಂಡು ತಪ್ಪಿದ ಅಳತೆಯಿಂದ ಗುಣಿಸಿ, ಟಾರ್ಗೆಟ್ ಇರುವ ದೂರದಿಂದ ಭಾಗಿಸಿ. ಶೀಲ್ಡ್‌ನಲ್ಲಿ ಆ ಅಂತರ ಸುಮಾರು 5.3 ಇಂಚು. 10 ಗಜ ಅಂದರೆ 360 ಇಂಚು. 3 ಇಂಚಿನ ತಪ್ಪಿಗೆ 0.044 ಇಂಚು ಬರುತ್ತದೆ, ಅಂದರೆ 1.1 ಮಿಲಿಮೀಟರ್. ಅಷ್ಟೇ! ಕಣ್ಣಂದಾಜಿನಲ್ಲಿ ಹೊಡೆಯುತ್ತಾ ಹೋದರೆ ಇದನ್ನು ದಾಟಿಬಿಡುವುದು ಬಹಳ ಸುಲಭ. ಕ್ಯಾಲಿಪರ್‌ನಲ್ಲಿ ಸ್ಲೈಡಿನ ಅಂಚಿನಿಂದ ಸೈಟಿನ ಅಂಚಿಗೆ ಎಷ್ಟಿದೆ ಅಂತ ಬರೆದಿಟ್ಟುಕೊಳ್ಳಿ. ಹಿಂದಿನ ಸೈಟನ್ನು ಗುಂಡು ಎತ್ತ ಹೋಗಬೇಕೋ ಅತ್ತಲೇ ಸರಿಸಬೇಕು, ಅಂದರೆ ನಿಮಗೆ ಬಲಕ್ಕೆ. ಮುಂದಿನ ಸೈಟ್ ಆಗಿದ್ದರೆ ಉಲ್ಟಾ.

ಈಗ ಅದು ಯಾಕೆ ಕದಲುತ್ತಿಲ್ಲ ಅನ್ನೋದಕ್ಕೆ ಬರೋಣ. ಮೊದಲು ಸೈಟಿನ ಮೇಲೆ ಸಣ್ಣ ಅಲೆನ್ ಸ್ಕ್ರೂ ಇದೆಯಾ ನೋಡಿ. ಅದನ್ನು ಸಡಿಲಿಸದೆ ಹೊಡೆದರೆ ಡವ್‌ಟೇಲ್ ಒಳಗೆ (ಸೈಟ್ ಕೂರುವ ಓರೆ ಅಂಚಿನ ತೋಡು) ಗೀರು ಬೀಳುತ್ತದೆಯೇ ಹೊರತು ಸೈಟ್ ಬರುವುದಿಲ್ಲ. ಸ್ಕ್ರೂಗೆ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿದ್ದರೆ ಸಾಮಾನ್ಯವಾಗಿ ಕೈಯಲ್ಲೇ ಬಿಡುತ್ತದೆ. ಕೆಂಪು ಹಾಕಿದ್ದರೆ ಬಿಸಿ ಬೇಕು, ಅದು ಸೋಲುವುದು 250 ಡಿಗ್ರಿ ಸೆಲ್ಸಿಯಸ್ ಹತ್ತಿರ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂ ತಲೆಗೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಬಿಸಿ ಅಲ್ಲಿಗಷ್ಟೇ ಸಿಗುತ್ತದೆ. ಕತ್ತಲಲ್ಲಿ ಹೊಳೆಯುವ ಟ್ರಿಟಿಯಂ ಸೈಟ್ ಆಗಿದ್ದರೆ ಮಾತ್ರ ಬಿಸಿ ಬೇಡವೇ ಬೇಡ, ಒಳಗಿರುವುದು ಗಾಜಿನ ಪುಟ್ಟ ಕೊಳವೆ. ಅಂದಹಾಗೆ ಟ್ರಿಟಿಯಂ ಸುಮಾರು 12 ವರ್ಷಕ್ಕೆ ಅರ್ಧ ಮಂಕಾಗುತ್ತದೆ. ನಿಮ್ಮದು ಹಳತಾಗಿದ್ದರೆ ಸರಿಸುವ ಬದಲು ಹೊಸ ಸೈಟನ್ನೇ ಹಾಕಿಸಬಹುದು.

ಸ್ಕ್ರೂ ಇಲ್ಲ, ಅಥವಾ ಬಿಚ್ಚಿಯೂ ಆಯಿತು, ಆದರೂ ಸೈಟ್ ಗಟ್ಟಿ ಕೂತಿದೆ ಅಂದರೆ ನನ್ನ ಅನುಮಾನ ನಿಮ್ಮ ವೈಸ್ ಮೇಲೆ, ಅಂದರೆ ಸ್ಲೈಡನ್ನು ಕಚ್ಚಿ ಹಿಡಿಯುವ ಸಾಧನದ ಮೇಲೆ. ಕಾರ್ಡ್ ಟೇಬಲ್ಲಿಗೆ ಬಿಗಿಯುವ ಪುಟಾಣಿ ವೈಸ್‌ನಲ್ಲಿ ಸ್ಲೈಡ್ ಕಚ್ಚಿಸಿದರೆ ಏಟಿನ ಅರ್ಧ ಬಲವನ್ನು ಟೇಬಲ್ಲೇ ತಿಂದುಬಿಡುತ್ತದೆ. ಜೊತೆಗೆ ನೈಲಾನ್ ಪಂಚ್ ಚೆಂಡಿನಂತೆ ಪುಟಿಯುತ್ತದೆ. ಜನ ಆಗ ಸುಮ್ನೆ ಇನ್ನಷ್ಟು ಜೋರಾಗಿ ಹೊಡೆಯುತ್ತಾರೆ, ಪಂಚ್ ಜಾರಿ ಸ್ಲೈಡಿಗೆ ಏಟು ಬೀಳುತ್ತದೆ. ಭಾರದ ಬೆಂಚಿಗೆ ಬೋಲ್ಟ್ ಹಾಕಿದ ವೈಸ್ ಹುಡುಕಿ. ಸ್ನೇಹಿತರ ಗರಾಜಿನದಾದರೂ ಪರವಾಗಿಲ್ಲ.

ಶುರು ಮಾಡುವ ಮುಂಚೆ ಮ್ಯಾಗಜೀನ್ ತೆಗೆಯಿರಿ, ಗುಂಡು ಕೂರುವ ಚೇಂಬರನ್ನು ಕಣ್ಣಲ್ಲೂ ಬೆರಳಲ್ಲೂ ನೋಡಿ, ಗುಂಡುಗಳನ್ನೆಲ್ಲಾ ಬೇರೆ ಕೋಣೆಗೆ ಕಳಿಸಿ. ಸ್ಲೈಡನ್ನು ಫ್ರೇಮಿನಿಂದ ಬಿಡಿಸಿ, ಬ್ಯಾರೆಲ್ಲು, ಸ್ಪ್ರಿಂಗು ಹೊರಗೆ ತೆಗೆದಿಡಿ. ವೈಸ್‌ನ ದವಡೆಗಳಿಗೆ ಮರದ ಚೂರು ಇಲ್ಲವೇ ದಪ್ಪ ಚರ್ಮ ಕೊಟ್ಟು, ಸೈಟಿಗೆ ಆದಷ್ಟು ಹತ್ತಿರದಲ್ಲೇ ಸ್ಲೈಡನ್ನು ಕಚ್ಚಿಸಿ. ಹಾರಿದ ಗುಂಡಿನ ಖಾಲಿ ಕೋಶ ಹೊರಬೀಳುವ ಕಿಂಡಿಯ ಹತ್ತಿರ ಲೋಹ ತೆಳು, ಅಲ್ಲಿ ಹಿಂಡಬೇಡಿ. ಏಟು ವೈಸ್‌ನ ಅಲುಗದ ದವಡೆಯ ಕಡೆಗೆ ಹೋಗುವಂತೆ ಇಟ್ಟುಕೊಳ್ಳಿ.

ಸೈಟಿನ ಎರಡೂ ಬದಿಗೆ ಒಂದೊಂದು ಹನಿ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ರಾತ್ರಿಯಿಡೀ ಹಾಗೇ ಬಿಡಿ. ಸುರಿಯಬೇಡಿ, ಅದು ಇಳಿದು ಸ್ಟ್ರೈಕರ್ (ಗುಂಡಿನ ಹಿಂಬದಿಗೆ ಬಡಿಯುವ ಸೂಜಿ) ಇರುವ ಕೊಳವೆ ಸೇರಿಕೊಂಡರೆ ಕೊಳೆ ಹಿಡಿಯುತ್ತದೆ. ಮಾರನೇ ದಿನ ಹಿತ್ತಾಳೆ ಪಂಚನ್ನು ಸೈಟಿನ ಬುಡಕ್ಕೆ, ಸ್ಲೈಡಿಗೆ ತಾಗದಷ್ಟು ಹತ್ತಿರ ಇಡಿ. ಮೇಲ್ಭಾಗಕ್ಕೆ ಇಟ್ಟರೆ ಸೈಟ್ ವಾಲುತ್ತದೆ, ಇನ್ನಷ್ಟು ಬಿಗಿಯುತ್ತದೆ. ಆಮೇಲೆ ತೂಕದ ಸುತ್ತಿಗೆಯಿಂದ ಗಿಡ್ಡ, ಚುರುಕಾದ ಏಟು. ಹತ್ತು ಸಲ ಟಕಟಕ ತಟ್ಟುವುದಕ್ಕಿಂತ ಒಂದು ಸರಿಯಾದ ಏಟು ವಾಸಿ. ಪ್ರತಿ ಏಟಿಗೂ ಕ್ಯಾಲಿಪರ್ ಹಿಡಿಯಿರಿ, ಮೊದಲ ಸಲಕ್ಕೆ ಬೇಕಾದ್ದರಲ್ಲಿ ಅರ್ಧಕ್ಕೆ ನಿಲ್ಲಿಸಿ ರೇಂಜಿಗೆ ಹೋಗಿ ಬನ್ನಿ. ಉಳಿಯುವ ಹಳದಿ ಗುರುತು ಪೆಟ್ಟಲ್ಲ, ಪಂಚಿನ ಹಿತ್ತಾಳೆ. ತಾಮ್ರ ಕರಗಿಸುವ ಬೋರ್ ಕ್ಲೀನರ್ ಹಾಕಿ ಒರೆಸಿದರೆ ಹೋಗುತ್ತದೆ.

ನಿಮಗೊಂದು ಅನುಕೂಲವಿದೆ. ಡವ್‌ಟೇಲ್ ಸೈಟುಗಳನ್ನು ಬಲದಿಂದ ಒಳಕ್ಕೆ, ಎಡದಿಂದ ಬಲಕ್ಕೆ ಹೊರಕ್ಕೆ ಹೊಡೆಯುವುದು ಹಳೆಯ ವಾಡಿಕೆ. ನಿಮಗೆ ಬೇಕಾಗಿರುವುದೂ ಅದೇ ದಿಕ್ಕು. ಆದರೆ ಪೂರ್ತಿ ಹೊರಕ್ಕೆ ಹೊಡೆಯಬೇಡಿ. ಈ ಪಿಸ್ತೂಲಿನಲ್ಲಿ ಸ್ಟ್ರೈಕರ್ ಬ್ಲಾಕ್‌ನ (ಟ್ರಿಗರ್ ಒತ್ತದೆ ಸ್ಟ್ರೈಕರ್ ಮುಂದೆ ಹೋಗದಂತೆ ತಡೆಯುವ ಭಾಗ) ಸಣ್ಣ ಸ್ಪ್ರಿಂಗ್, ಅದರ ಮುಚ್ಚಳ ಎರಡನ್ನೂ ಒತ್ತಿ ಹಿಡಿದಿರುವುದು ಇದೇ ಸೈಟ್. ಹೊರಬಂದರೆ ಅವು ಹಾರಿ ಗರಾಜಿನ ಯಾವ ಮೂಲೆ ಸೇರುತ್ತವೋ! ಅವಿಲ್ಲದೆ ಪಿಸ್ತೂಲನ್ನು ಬಳಸಲೂಬಾರದು.

ಒಳ್ಳೆಯ ವೈಸ್‌ನಲ್ಲಿ ಕೆಲವು ಗಟ್ಟಿ ಏಟಿಗೂ ಜಗ್ಗದಿದ್ದರೆ ಅಲ್ಲಿಗೆ ನಿಲ್ಲಿಸಿ. ಸ್ಕ್ರೂ ತಿರುಗಿಸಿ ನಿಧಾನವಾಗಿ ತಳ್ಳುವ ಸೈಟ್ ಪುಷರ್ ಬರುತ್ತದೆ, ಏಟಿನ ಗೊಡವೆಯೇ ಇಲ್ಲ. ಒಂದು ಪಿಸ್ತೂಲಿಗಾಗಿ ಅದನ್ನು ಕೊಳ್ಳುವುದು ದುಂದು ಅನ್ನೋದು ನನ್ನ ಅಭಿಪ್ರಾಯ. ಗನ್‌ಸ್ಮಿತ್ ಹತ್ತಿರ ಅದು ಇದ್ದೇ ಇರುತ್ತದೆ, ಕೂತಲ್ಲೇ ಮಾಡಿಕೊಡುತ್ತಾರೆ.

ಊರಿನಿಂದ ಓದುತ್ತಿರುವವರಿಗೆ ಒಂದು ಮಾತು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿಗೇ ಬೇರೆ ಲೈಸೆನ್ಸ್ ಬೇಕು. ನಿಮ್ಮ ಪಿಸ್ತೂಲಿಗೆ ಲೈಸೆನ್ಸ್ ಇದ್ದರೂ ಈ ಕೆಲಸವನ್ನು ಲೈಸೆನ್ಸ್ ಇರುವ ಅಂಗಡಿಯಲ್ಲೇ ಮಾಡಿಸಿ. ಕ್ಲಬ್ಬಿನ 10 ಮೀಟರ್ ಏರ್ ಪಿಸ್ತೂಲಿಗೆ ಇದ್ಯಾವ ತಾಪತ್ರಯವೂ ಇಲ್ಲ, ಅದರ ಸೈಟ್ ಸ್ಕ್ರೂ ತಿರುಗಿಸಿದರೆ ಕ್ಲಿಕ್ ಕ್ಲಿಕ್ ಅಂತ ಸರಿಯುತ್ತದೆ.

ಎಲ್ಲಾ ಸರಿಹೋದ ಮೇಲೆ ಅಲೆನ್ ಸ್ಕ್ರೂ ಇದ್ದರೆ ಮತ್ತೆ ಬಿಗಿ ಮಾಡಿ, ಒಂದು ಹನಿ ನೀಲಿ ಲಾಕ್‌ಟೈಟ್ ಸಾಕು. ಸ್ಲೈಡಿಗೂ ಸೈಟಿನ ಬುಡಕ್ಕೂ ಸೇರಿಸಿ ಪೇಂಟ್ ಪೆನ್ನಿನಲ್ಲಿ ತೆಳುವಾದ ಗೆರೆ ಎಳೆಯಿರಿ, ಸೈಟ್ ತಾನಾಗೇ ಸರಿದರೆ ಗೊತ್ತಾಗುತ್ತದೆ. ಅದು ಬಿಟ್ಟು, ಸೈಟ್ ಮೇಲೆ ಸ್ಕ್ರೂ ಕಾಣದಿದ್ದರೆ ಹತ್ತಿರದ ಒಂದು ಫೋಟೊ ಹಾಕಿ, ನೋಡಿ ಹೇಳುತ್ತೇನೆ.