ಆರು ತಿಂಗಳಿಗೊಂದು ಊರು, ಮತ್ತು ಬಿಲ್ ಶ್ಯಾಂಕ್ಲಿ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಂಗ್ಲೆಂಡಿನ ಪ್ರೆಸ್ಟನ್ ಊರಿನ ಆಸ್ಪತ್ರೆಗೆ ಬಂದು ಇನ್ನೂ ಮೂರು ತಿಂಗಳಾಗಿಲ್ಲ, ಅಷ್ಟರಲ್ಲೇ ಮುಂದಿನ ಆರು ತಿಂಗಳಿಗೆ ಬೇರೆ ಊರಿನ ಆಸ್ಪತ್ರೆಗೆ ಹೋಗಬೇಕೆಂಬ ಪಟ್ಟಿ ಕೈಗೆ ಬಂದಿದೆ, ಹೀಗಿರುವಾಗ ಇಲ್ಲಿ ಯಾವ ಊರನ್ನು ನನ್ನದೆಂದುಕೊಳ್ಳಲಿ ಎಂದು ಕೇಳಿದ್ದೀರಿ. ಕೊನೆಯಲ್ಲಿ, ವಾರ್ಡಿನ ಹಿರಿಯ ರೋಗಿಯೊಬ್ಬರು ಶ್ಯಾಂಕ್ಲಿ ಎಂಬ ಫುಟ್‌ಬಾಲ್ ಆಟಗಾರನ ಆಟವನ್ನು ತಮ್ಮ ತಂದೆ ಕಣ್ಣಾರೆ ಕಂಡಿದ್ದರೆಂದು ಹೇಳುತ್ತಿರುತ್ತಾರೆ, ಈ ಶ್ಯಾಂಕ್ಲಿ ಯಾರು ಎಂದೂ ಕೇಳಿದ್ದೀರಿ. ನಾನು ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮೊದಲನೆಯದಕ್ಕೂ ನನ್ನಲ್ಲಿರುವ ಉತ್ತರ ಅದೇ.

ಬಿಲ್ ಶ್ಯಾಂಕ್ಲಿ ಎಂದೊಡನೆ ಈ ದೇಶದ ಬಹುಪಾಲು ಜನರಿಗೆ ನೆನಪಾಗುವುದು 1959ರಿಂದ 1974ರವರೆಗೆ ಲಿವರ್‌ಪೂಲ್ ತಂಡವನ್ನು ಕಟ್ಟಿ ಬೆಳೆಸಿದ ಮ್ಯಾನೇಜರ್. ಆದರೆ ನಿಮ್ಮ ರೋಗಿ ಹೇಳುತ್ತಿರುವುದು ಅದಕ್ಕೂ ಹಿಂದಿನ ಆಟಗಾರನ ಕಥೆ. ಆ ಕಥೆ ಪ್ರೆಸ್ಟನ್ನಿಗೆ ಸೇರಿದ್ದು.

ಅವರು ಹುಟ್ಟಿದ್ದು 1913ರ ಸೆಪ್ಟೆಂಬರ್ 2ರಂದು, ಸ್ಕಾಟ್ಲೆಂಡಿನ ಏರ್‌ಶೈರ್ ಪ್ರಾಂತ್ಯದ ಗ್ಲೆನ್‌ಬಕ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯಲ್ಲಿ. ಹತ್ತು ಮಕ್ಕಳಿದ್ದ ಮನೆ. ಐವರು ಗಂಡುಮಕ್ಕಳೂ ವೃತ್ತಿಪರ ಫುಟ್‌ಬಾಲ್ ಆಟಗಾರರಾದರು. ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟು ಗಣಿಯಲ್ಲಿ ದುಡಿದ ಶ್ಯಾಂಕ್ಲಿ, 1932ರಲ್ಲಿ ಗಡಿ ದಾಟಿ ಇಂಗ್ಲೆಂಡಿನ ಕಾರ್ಲೈಲ್ ತಂಡಕ್ಕೂ, ಮರುವರ್ಷ ಐನೂರು ಪೌಂಡ್ ವರ್ಗಾವಣೆ ಹಣಕ್ಕೆ ಪ್ರೆಸ್ಟನ್ ನಾರ್ತ್ ಎಂಡ್ ತಂಡಕ್ಕೂ ಬಂದರು. ಬಲಬದಿಯ ಹಾಫ್‌ಬ್ಯಾಕ್ ಆಗಿ, ಅಂದರೆ ಮೈದಾನದ ನಡುಭಾಗದ ಆಟಗಾರನಾಗಿ, ದಣಿವರಿಯದೆ ಓಡುತ್ತಿದ್ದ ಅವರಿಗೆ 1938ರ ಏಪ್ರಿಲ್ ತಿಂಗಳೊಂದೇ ಸಾಕಿತ್ತು: 9ರಂದು ಲಂಡನ್ನಿನ ವೆಂಬ್ಲಿಯಲ್ಲಿ ಸ್ಕಾಟ್ಲೆಂಡಿನ ಪರ ಮೊದಲ ಪಂದ್ಯ, ಇಂಗ್ಲೆಂಡಿನ ವಿರುದ್ಧ 1-0 ಗೆಲುವು, 30ರಂದು ಅದೇ ಮೈದಾನದಲ್ಲಿ ಇಂಗ್ಲೆಂಡಿನ ತಂಡಗಳ ದೊಡ್ಡ ಪಂದ್ಯಾವಳಿಯಾದ ಎಫ್.ಎ. ಕಪ್ಪಿನ ಫೈನಲ್, ಹೆಚ್ಚುವರಿ ಸಮಯದ ಕಟ್ಟಕಡೆಯಲ್ಲಿ ಜಾರ್ಜ್ ಮಚ್ ಹೊಡೆದ ಪೆನಾಲ್ಟಿಯಿಂದ ಹಡರ್ಸ್‌ಫೀಲ್ಡ್ ವಿರುದ್ಧ ಪ್ರೆಸ್ಟನ್ನಿಗೆ ಜಯ.

ಇನ್ನು ನಾನು ಹೇಳಬೇಕೆಂದಿರುವ ಭಾಗ. 1939ರ ಸೆಪ್ಟೆಂಬರ್ 2 ಶನಿವಾರ, ಶ್ಯಾಂಕ್ಲಿಗೆ ಇಪ್ಪತ್ತಾರು ತುಂಬಿದ ದಿನ. ಅಂದು ನಡೆದ ಲೀಗ್ ಪಂದ್ಯಗಳೇ ಕೊನೆಯವು; ಮರುದಿನ ಯುದ್ಧ ಘೋಷಣೆಯಾಯಿತು, ಲೀಗ್ ನಿಂತಿತು. ಅದು ಮತ್ತೆ ಆರಂಭವಾದದ್ದು 1946ರ ಆಗಸ್ಟ್ 31ರಂದು, ಅವರಿಗೆ ಮೂವತ್ತಮೂರು ತುಂಬಲು ಎರಡೇ ದಿನ ಬಾಕಿ ಇದ್ದಾಗ. ಆಟಗಾರನೊಬ್ಬನ ದೇಹ ಅತ್ಯಂತ ಗಟ್ಟಿಯಾಗಿರುವ ಏಳು ವರ್ಷಗಳು ಹಾಗೆಯೇ ಹೋದವು. ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆದರೂ ಆಟ ಪೂರ್ತಿ ನಿಲ್ಲಲಿಲ್ಲ. ಪ್ರಾದೇಶಿಕ ಪಂದ್ಯಾವಳಿಗಳನ್ನು ಏರ್ಪಡಿಸಿದರು. ವಾರಕ್ಕೆ ಎಂಟು ಪೌಂಡ್ ಪಡೆಯುತ್ತಿದ್ದವರು ಈಗ ಪಂದ್ಯವೊಂದಕ್ಕೆ ಒಂದೂವರೆ ಪೌಂಡಿಗೆ ಆಡಿದರು. 1941ರ ಮೇ 10ರಂದು ವೆಂಬ್ಲಿಯಲ್ಲಿ ಯುದ್ಧಕಾಲದ ಕಪ್ಪಿನ ಫೈನಲ್ಲಿನಲ್ಲಿ ಪ್ರೆಸ್ಟನ್ ತಂಡ ಆರ್ಸೆನಲ್ ಜೊತೆ 1-1 ಸಮ ಮಾಡಿಕೊಂಡಿತು. ಅದೇ ರಾತ್ರಿ ಲಂಡನ್ನಿನ ಮೇಲೆ ಆ ಯುದ್ಧದ ಅತಿ ಭೀಕರ ಬಾಂಬ್ ದಾಳಿಗಳಲ್ಲೊಂದು ನಡೆಯಿತು. ಬ್ಲ್ಯಾಕ್‌ಬರ್ನಿನಲ್ಲಿ ನಡೆದ ಮರುಪಂದ್ಯವನ್ನು ಪ್ರೆಸ್ಟನ್ 2-1ರಿಂದ ಗೆದ್ದಿತು. ಮುಂದೆ ಇಂಗ್ಲೆಂಡಿನ ಹೆಸರಾಂತ ಆಟಗಾರನಾದ ಹತ್ತೊಂಬತ್ತರ ಹುಡುಗ ಟಾಮ್ ಫಿನಿ ಶ್ಯಾಂಕ್ಲಿಯ ಮುಂದೆ, ಬಲಬದಿಯಲ್ಲಿ ಆಡುತ್ತಿದ್ದ.

ವಾಯುಪಡೆ ಸೇರಿದ ಶ್ಯಾಂಕ್ಲಿಯವರನ್ನು ಅದು ಎಲ್ಲಿಗೆ ಕಳುಹಿಸಿತೋ ಅಲ್ಲಿಗೆ ಹೋಗಬೇಕಿತ್ತು. ಸೇನೆಯಲ್ಲಿದ್ದ ಆಟಗಾರರು ತಮ್ಮ ಶಿಬಿರಕ್ಕೆ ಹತ್ತಿರವಿದ್ದ ತಂಡಕ್ಕೆ ಅತಿಥಿಗಳಾಗಿ ಆಡುವ ಪದ್ಧತಿ ಆಗ ಇತ್ತು. ಹಾಗೆ ಅವರು ನಾರ್ವಿಚ್, ಲೂಟನ್, ಆರ್ಸೆನಲ್, ಗ್ಲಾಸ್ಗೋದ ಪಾರ್ಟಿಕ್ ಥಿಸಲ್ ತಂಡಗಳಿಗೆ ಆಡಿದರು. ಅತಿಥಿಯೆಂದು ಥಿಸಲ್ ತಂಡದವರು ಕೈಬಿಡಲಿಲ್ಲ. ಮೊಣಕಾಲಿಗೆ ಪೆಟ್ಟಾದಾಗ ಶಸ್ತ್ರಚಿಕಿತ್ಸೆಯ ಖರ್ಚನ್ನು ಅವರೇ ಭರಿಸಿದರು. ಗ್ಲಾಸ್ಗೋದ ಬಳಿಯ ವಾಯುಪಡೆಯ ಶಿಬಿರದಲ್ಲೇ, ಅಲ್ಲಿ ಸೇವೆಯಲ್ಲಿದ್ದ ನೆಸ್ ಅವರ ಪರಿಚಯವಾಗಿ, 1944ರಲ್ಲಿ ಮದುವೆಯೂ ಆಯಿತು.

ದಾಖಲೆ ಪುಸ್ತಕಗಳು ಶ್ಯಾಂಕ್ಲಿ ಸ್ಕಾಟ್ಲೆಂಡಿಗೆ ಐದು ಪಂದ್ಯ ಆಡಿದರೆಂದು ಹೇಳುತ್ತವೆ. ಯುದ್ಧಕಾಲದಲ್ಲಿ ಆಡಿದ ಏಳು ಅಂತರರಾಷ್ಟ್ರೀಯ ಪಂದ್ಯಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. 1942ರ ಏಪ್ರಿಲ್‌ನಲ್ಲಿ ಗ್ಲಾಸ್ಗೋದ ಹ್ಯಾಂಪ್ಡನ್ ಮೈದಾನದಲ್ಲಿ ಇಂಗ್ಲೆಂಡನ್ನು 5-4ರಿಂದ ಸೋಲಿಸಿದ ಪಂದ್ಯದಲ್ಲಿ ಒಂದು ಗೋಲು ಅವರದು. ಅದನ್ನು ಲೆಕ್ಕಕ್ಕೆ ಹಿಡಿಯದಿರುವುದು ಅನ್ಯಾಯವೆಂದೇ ನಾನು ತಿಳಿದಿದ್ದೇನೆ. ಲೀಗ್ ಮರಳಿದ ಮೇಲೆ ಅವರು 1949ರ ಮಾರ್ಚ್‌ವರೆಗೆ ಪ್ರೆಸ್ಟನ್ನಿಗೆ ಆಡಿ, ನಂತರ ಕಾರ್ಲೈಲಿನ ಮ್ಯಾನೇಜರ್ ಆಗಿ ಹೋದರು.

ಇಲ್ಲಿಗೆ ಬಂದ ಮೊದಲ ಎರಡು ವರ್ಷ ನಾನೂ ನಿಮ್ಮಂತೆ ನಾಲ್ಕು ಆಸ್ಪತ್ರೆ ಸುತ್ತಿದವನು. ಹೇಗೂ ಹೋಗಬೇಕಲ್ಲ ಎಂದು ಎರಡು ಪೆಟ್ಟಿಗೆಗಳನ್ನು ಬಿಚ್ಚಲೇ ಇಲ್ಲ. ಅಕ್ಕಪಕ್ಕದವರ ಹೆಸರು ಕೇಳಲಿಲ್ಲ. ಆ ಎರಡು ವರ್ಷಗಳಿಂದ ಇಂದು ನನಗೆ ಒಬ್ಬ ಸ್ನೇಹಿತನೂ ಉಳಿದಿಲ್ಲ. ಆಮೇಲೆ ನೆರೆಮನೆಯ ಹಿರಿಯರೊಬ್ಬರು ಪ್ರೆಸ್ಟನ್ ತಂಡದ ಡೀಪ್‌ಡೇಲ್ ಮೈದಾನಕ್ಕೆ ಕರೆದೊಯ್ದು ಶ್ಯಾಂಕ್ಲಿಯ ಈ ಅತಿಥಿ ಪಂದ್ಯಗಳ ಕಥೆಯನ್ನು ಹೇಳಿದರು. ಆರು ತಿಂಗಳಷ್ಟೇ ಇರುವ ಊರಿನಲ್ಲೂ ಮನಸ್ಸಿಟ್ಟು ಆಡಬಹುದೆಂದು ನನಗೆ ಹೊಳೆದದ್ದು ಆಗ.

ಡೀಪ್‌ಡೇಲಿನಲ್ಲಿ ಒಂದು ಗ್ಯಾಲರಿಗೆ ಶ್ಯಾಂಕ್ಲಿಯ ಹೆಸರಿದೆ. ನಿಮ್ಮ ವರ್ಗಾವಣೆಗೆ ಮೊದಲು ಬಿಡುವಿರುವ ಒಂದು ಶನಿವಾರವನ್ನು ತಿಳಿಸಿ, ಟಿಕೆಟ್ ನಾನು ತೆಗೆಸಿಡುತ್ತೇನೆ. ಅಷ್ಟರೊಳಗೆ ಆ ರೋಗಿಯ ಹಾಸಿಗೆಯ ಪಕ್ಕ ಸ್ವಲ್ಪ ಹೊತ್ತು ಕುಳಿತು, ಅವರ ತಂದೆ ಕಂಡದ್ದು ಯಾವ ಪಂದ್ಯವೆಂದು ಕೇಳಿಡಿ.